ಮಳೆ ಬಂದಾಗ ತುರಿಸುವ ಹಿಮ್ಮಡಿ

ಬೊಂಬಾಯಿ
೬ ಫೆಬ್ರವರಿ ೧೯೬೩

ಶ್ರೀಮತಿ ಅಕ್ಕಯಮ್ಮನವರಿಗೆ,

ನೀವು ನನ್ನನ್ನು ನೋಡಿಲ್ಲ. ನಾನೂ ನಿಮ್ಮನ್ನು ನೋಡಿಲ್ಲ. ನಿಮ್ಮ ಬಲಗಾಲಿನ ಹಿಮ್ಮಡಿ ಮೂಳೆಯ ಒಂದು ಚೂರನ್ನು ಮಾತ್ರ ನೋಡಿದ್ದೇನೆ. ೧೯೫೬ರಲ್ಲಿ ನೀವು ಬೆಂಗಳೂರಿನ ಆಸ್ಪತ್ರೆಗೆ ಬಂದಿದ್ದಾಗ ನಿಮ್ಮ ಗಡ್ಡೆಯಿಂದ ತೆಗೆದ ಚೂರು ನಮ್ಮ ಪ್ರಯೋಗಶಾಲೆಗೆ ಬಂತು. ಅದನ್ನು ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿ, ಇದು ಕೆಟ್ಟ ಗಡ್ಡೆ, ಮೂಳೆಯ ಕ್ಯಾನ್ಸರ್ ಎಂದು ಬರೆದುಕೊಟ್ಟವಳು ನಾನು. ಮರುವರ್ಷ ಕೆಲಸ ಸಿಕ್ಕಿ ಬೊಂಬಾಯಿಗೆ ಬಂದೆ. ವರ್ಷಕ್ಕೊಮ್ಮೆ ನಿಮಗೆ ಬರುವ, ಉತ್ತರ ಬರೆದು ವಾಪಸು ಹಾಕುವ ಜವಾಬು ಕಾರ್ಡು ಕಳಿಸುತ್ತಿರುವವಳೂ ನಾನೇ.

ಪಾದದ ಮೂಳೆಗಳಲ್ಲಿ ಇಂಥ ಗಡ್ಡೆ ಬರುವುದು ಬಹಳ ಅಪರೂಪ. ಮಂಡಿಯ ಹತ್ತಿರ ಬಂದರೆ ಮುಂದೆ ಏನಾಗುತ್ತದೆಂದು ಪುಸ್ತಕಗಳಲ್ಲಿ ಬರೆದಿದ್ದಾರೆ. ಪಾದದಲ್ಲಿ ಬಂದರೆ ಏನಾಗುತ್ತದೆಂದು ಹೇಳುವಷ್ಟು ರೋಗಿಗಳನ್ನು ಯಾರೂ ನೋಡಿಲ್ಲ. ಅದಕ್ಕೇ ನಾನು ಚೂರು ನೋಡಿದ ಕೆಲವರಿಗೆಲ್ಲ ಕಾರ್ಡು ಹಾಕುತ್ತ ಬಂದೆ. ನೀವು ಪ್ರತಿಸಲವೂ ‘ಕ್ಷೇಮವಾಗಿದ್ದೇನೆ’ ಎಂದು ಬರೆದಿರಿ. ಮೊದಲ ಒಂದೆರಡು ವರ್ಷ ಅದನ್ನು ಓದಿ ಸಂತೋಷವಾಯಿತು. ಆಮೇಲೆ ಆಶ್ಚರ್ಯವಾಗತೊಡಗಿತು.

ಈಗ ಇಲ್ಲಿ ವಾರ್ಡಿನಲ್ಲಿ ಹದಿನಾರು ವರ್ಷದ ಒಬ್ಬ ಹುಡುಗಿ ಇದ್ದಾಳೆ. ಅವಳಿಗೂ ಹಿಮ್ಮಡಿಯಲ್ಲೇ ಗಡ್ಡೆ. ಅವಳ ಚೂರಿನ ಗಾಜಿನ ಪಟ್ಟಿಯನ್ನೂ ನಾನು ಜೊತೆಗೆ ತಂದಿರುವ ನಿಮ್ಮದನ್ನೂ ಅಕ್ಕಪಕ್ಕ ಇಟ್ಟರೆ ಯಾವುದು ಯಾರದೆಂದು ನನಗೇ ಗೊಂದಲವಾಗುತ್ತದೆ. ಅವಳ ವಿಷಯದಲ್ಲಿ ಬೇಗ ಒಂದು ತೀರ್ಮಾನ ಮಾಡಬೇಕು. ಅದಕ್ಕೆ ನಿಮ್ಮ ಸಹಾಯ ಬೇಕು.

ಆ ಕಾಲು ಹೇಗಿದೆ? ಹೌದು, ಇಲ್ಲ ಎನ್ನುವಂಥ ಪ್ರಶ್ನೆಗಳನ್ನು ನಾನು ಕೇಳುವುದಿಲ್ಲ. ಹಾಗೆ ಕೇಳಿದರೆ ಜನ ಡಾಕ್ಟರಿಗೆ ಇಷ್ಟವಾಗುವ ಉತ್ತರ ಕೊಡುತ್ತಾರೆ. ನಿಮ್ಮ ಮಾತಿನಲ್ಲಿ, ತೋಚಿದ ಹಾಗೆ ಬರೆಯಿರಿ.

ನಾನು ಇಂಗ್ಲಿಷ್ ಶಾಲೆಯಲ್ಲಿ ಓದಿದವಳು. ಕನ್ನಡದಲ್ಲಿ ಇಷ್ಟು ಉದ್ದದ ಕಾಗದವನ್ನು ನಮ್ಮ ತಾಯಿಗೆ ಬಿಟ್ಟರೆ ಯಾರಿಗೂ ಬರೆದಿಲ್ಲ. ತಪ್ಪಿದ್ದರೆ ಮನ್ನಿಸಿ.

ಇಂತು,
ಚೂಡಾಮಣಿ


ಸಿದ್ದಾಪುರ
೧೩ ಫೆಬ್ರವರಿ ೧೯೬೩

ಡಾಕ್ಟರಮ್ಮನವರಿಗೆ ಅಕ್ಕಯಮ್ಮ ಮಾಡುವ ನಮಸ್ಕಾರ.

ಇಲ್ಲಿ ನಾವೆಲ್ಲ ಕ್ಷೇಮ. ನಿಮ್ಮ ಕಾಗದ ತಂದ ದಿನ ಪೋಸ್ಟ್‌ಮನ್ ಪರಮಶಿವಯ್ಯ ಅದನ್ನು ಕೊಟ್ಟು ಹೋಗದೆ ಅಲ್ಲೇ ಸೈಕಲ್ ಒರಗಿಸಿ ನಿಂತ. “ಈ ಸಲ ಕಾರ್ಡಲ್ಲ, ಕವರು. ಒಡೆದು ಓದಕ್ಕ, ಕೇಳ್ಕೊಂಡೇ ಹೋಗ್ತೀನಿ” ಅಂದ. ವರ್ಷಕ್ಕೊಂದು ಕಾರ್ಡು ಬರುವುದು ಬೀದಿಗೆಲ್ಲ ಗೊತ್ತು. ನಾನು ಬದುಕಿದ್ದೀನಾ ಅಂತ ಸರ್ಕಾರವೇ ವಿಚಾರಿಸುತ್ತದೆ ಎಂದು ನಮ್ಮ ಯಜಮಾನರು ಹೇಳಿಕೊಂಡು ತಿರುಗುತ್ತಿದ್ದರು. ವಿಚಾರಿಸುತ್ತಿದ್ದದ್ದು ಒಬ್ಬ ಹೆಂಗಸು ಎಂದು ತಿಳಿದು ಅವರಿಗೆ ಸ್ವಲ್ಪ ನಿರಾಸೆಯಾಗಿದೆ.

ನಿಮ್ಮ ಕನ್ನಡ ಚೆನ್ನಾಗಿಯೇ ಇದೆ. ನಾನು ಲೋಯರ್ ಸೆಕೆಂಡರಿ ಪಾಸು ಮಾಡಿದವಳು. ತಪ್ಪು ಕಂಡರೆ ಹೇಳುತ್ತೇನೆ.

ಕಾಲಿನ ವಿಷಯ ಕೇಳಿದ್ದೀರಿ. ಊತವಿಲ್ಲ, ಗಾಯವಿಲ್ಲ, ಜ್ವರವಿಲ್ಲ, ಕೆಮ್ಮಿಲ್ಲ. ಹೊಲದ ಕಡೆ ಹೋಗುವುದಿಲ್ಲ. ಹೊಲವೇ ಇಲ್ಲವಲ್ಲ, ಎಲ್ಲ ಜಯನಗರ ಬಡಾವಣೆಗೆ ಹೋಯಿತು. ರಾಗಿ ಬೆಳೆಯುತ್ತಿದ್ದ ಕಡೆ ಈಗ ನೆಟ್ಟಗೆ ರಸ್ತೆ, ರಸ್ತೆಗೊಂದು ನಂಬರು. ನಾನು ಜಗಲಿಯ ಮೇಲೆ ಕೂತು ಹೂ ಕಟ್ಟುತ್ತೇನೆ. ನಮ್ಮ ಯಜಮಾನರು ಸೈಕಲ್ಲಿನಲ್ಲಿ ತೆಗೆದುಕೊಂಡು ಹೋಗಿ ಜಯನಗರದ ಮನೆಗಳಿಗೆ ಹಾಕಿ ಬರುತ್ತಾರೆ. ನಮ್ಮ ಹೊಲದಲ್ಲಿ ಮನೆ ಕಟ್ಟಿಕೊಂಡವರ ದೇವರಿಗೆ ನಮ್ಮದೇ ಹೂವು.

ಒಂದು ವಿಷಯ ಮಾತ್ರ ಇದೆ. ಮಳೆ ಬಂದು ನೆಲ ನೆನೆದ ದಿನ ಹಿಮ್ಮಡಿ ತುರಿಸುತ್ತದೆ. ಗಡ್ಡೆ ಇದ್ದ ಹಿಮ್ಮಡಿಯೇ. ಕಿರುಬೆರಳಿನ ಸಂದಿಯಲ್ಲೂ ಇರುವೆ ಹರಿದ ಹಾಗಾಗುತ್ತದೆ. ಕೆರೆದು ಸಮಾಧಾನ ಮಾಡಿಕೊಳ್ಳುವಂಥದ್ದಲ್ಲ ಅದು. ನಮ್ಮತ್ತೆ ಬದುಕಿದ್ದಾಗ ಒಂದು ಕಾರಣ ಹೇಳುತ್ತಿದ್ದರು. ಅದನ್ನು ಓದಿದವರಿಗೆ ಬರೆಯಲು ನಾಚಿಕೆ. ನಿಜವಾದ ಕಾರಣ ನಿಮಗೆ ಗೊತ್ತಿರಬೇಕು, ಹೇಳಿ. ಏಳು ವರ್ಷದಿಂದ ಯಾರನ್ನು ಕೇಳುವುದೆಂದು ಯೋಚಿಸುತ್ತಿದ್ದೆ.

ಆ ಮಗುವಿಗೆ ಹೆದರಬೇಡ ಎಂದು ಹೇಳಿ. ನಿಮ್ಮ ಚೀಟಿಯಿಂದಲೇ ನಾನು ಉಳಿದದ್ದು. ಸಿದ್ದಾಪುರದಲ್ಲಿ ಒಬ್ಬಳು ನಿನ್ನಂಥವಳೇ ಚೆನ್ನಾಗಿ ಕೂತು ಹೂ ಕಟ್ಟುತ್ತಿದ್ದಾಳೆ ಎಂದು ಹೇಳಿ. ಹೆಸರೇನು ಅವಳದು?

ಅಕ್ಕಯಮ್ಮ


ಬೊಂಬಾಯಿ
೧೯ ಫೆಬ್ರವರಿ ೧೯೬೩

ಅಕ್ಕಯಮ್ಮನವರೆ,

ನಿಮ್ಮ ಕಾಗದವನ್ನು ಪ್ರಯೋಗಶಾಲೆಯಲ್ಲೇ ನಿಂತು ಓದಿದೆ. ಊತವಿಲ್ಲ, ಕೆಮ್ಮಿಲ್ಲ ಎಂದು ನೀವಾಗಿಯೇ ಬರೆದಿರಲ್ಲ, ಆ ಸಾಲನ್ನು ಎಷ್ಟೋ ಸಲ ಓದಿದೆ. ಈ ಗಡ್ಡೆ ಹರಡುವುದು ಶ್ವಾಸಕೋಶಕ್ಕೆ. ಕೆಮ್ಮಿನ ಬಗ್ಗೆ ನಾನು ಕೇಳಲೇ ಇಲ್ಲ, ಆದರೂ ಹೇಳಿದಿರಿ.

ತುರಿಕೆಗೆ ಕಾರಣ: ಚೂರು ತೆಗೆಯುವಾಗ ಸಣ್ಣ ನರವೊಂದಕ್ಕೆ ಪೆಟ್ಟಾಗಿರಬಹುದು. ಹವೆ ತೇವವಾದಾಗ ಅಂಥ ನರ ತಂಟೆ ಮಾಡುತ್ತದೆ. ಇಷ್ಟು ಬರೆದ ಮೇಲೆ ಮತ್ತೆ ಓದಿ ನೋಡಿದೆ. ಇದು ಗೊತ್ತಿದ್ದು ಹೇಳಿದ ಉತ್ತರದಂತೆ ಕಾಣುತ್ತದೆ, ಆದರೆ ಅಷ್ಟೇನೂ ಗೊತ್ತಿಲ್ಲ. ನಿಮ್ಮ ಅತ್ತೆಯವರ ಕಾರಣವನ್ನೂ ಬರೆಯಿರಿ. ನಾಚಿಕೆ ಬೇಡ.

ನನ್ನ ಚೀಟಿಯಿಂದ ಉಳಿದೆ ಎಂದಿದ್ದೀರಿ. ದಾಕ್ಷಿಣ್ಯಕ್ಕೆ ಬರೆದಿರೋ ಹಾಸ್ಯಕ್ಕೆ ಬರೆದಿರೋ ತಿಳಿಯಲಿಲ್ಲ. ಯಾವುದಾದರೂ ಸರಿಯೇ. ನಾನು ಅದಕ್ಕೆ ಅರ್ಹಳಲ್ಲ ಎಂದು ಮಾತ್ರ ಹೇಳಬಲ್ಲೆ.

ಒಂದು ಕೋರಿಕೆ. ಕಾಗದವನ್ನು ನಂಬಿ ಇಲ್ಲಿಯವರು ತೀರ್ಮಾನ ಮಾಡಲಾರರು. ಯಾರಾದರೂ ಕಣ್ಣಾರೆ ನೋಡಿ ಬರೆಯಬೇಕು. ನನ್ನ ತಮ್ಮ ಅನಂತಪದ್ಮನಾಭ ಜಯನಗರದಲ್ಲೇ ಇದ್ದಾನೆ, ಬ್ಯಾಂಕಿನಲ್ಲಿ ಕೆಲಸ. ಅವನು ಬಂದು ಹೋಗಬಹುದೆ? ಡಾಕ್ಟರಲ್ಲ, ಆದರೆ ಕಂಡದ್ದನ್ನು ಕಂಡ ಹಾಗೆ ಹೇಳುವವನು.

ಹುಡುಗಿಯ ಹೆಸರನ್ನು ಬರೆಯಕೂಡದೆಂದು ನಮ್ಮಲ್ಲಿ ನಿಯಮ. ಕಾರವಾರದ ಕಡೆಯವಳು, ತಂದೆಗೆ ಇಲ್ಲಿ ಬಂದರಿನಲ್ಲಿ ಕೆಲಸ. ವಾರ್ಡಿನಲ್ಲಿ ಕನ್ನಡ ಬಲ್ಲವಳು ನಾನೊಬ್ಬಳೇ. ಅದಕ್ಕಾಗಿ ಮೇಲಕ್ಕೆ ಹೋಗಿ ಮಾತಾಡಿಸಿ ಬರುತ್ತೇನೆ. ನಿಮ್ಮ ಮಾತನ್ನು ಹೇಳಿದೆ. ಹೆದರಿಕೆ ಸ್ವಲ್ಪ ಕಡಿಮೆಯಾಗಿದೆ.

ಚೂಡಾಮಣಿ


ಸಿದ್ದಾಪುರ
೨೬ ಫೆಬ್ರವರಿ ೧೯೬೩

ಡಾಕ್ಟರಮ್ಮನವರಿಗೆ ನಮಸ್ಕಾರ. ಇತ್ತ ಎಲ್ಲ ಕ್ಷೇಮ.

ಭಾನುವಾರ ನಿಮ್ಮ ತಮ್ಮನವರು ಬಂದಿದ್ದರು. ಮೋಡವಿಲ್ಲದ ದಿನ, ಕೈಯಲ್ಲಿ ಕೊಡೆ. ಜಗಲಿಯ ಆ ತುದಿಯಲ್ಲಿ ಕೂತು ಮುಖವನ್ನು ಸಂಪಿಗೆ ಗಿಡದ ಕಡೆ ಮಾಡಿಕೊಂಡರು. ಈ ತುದಿಯಲ್ಲಿ ಚಾಪೆಯ ಮೇಲೆ ಹೂವಿನ ರಾಶಿ ಹಾಕಿಕೊಂಡು ನಾನು. ಅವರು ಮಾತಾಡಿದ್ದೆಲ್ಲ ಆ ಗಿಡದ ಜೊತೆಗೆ.

“ಆರೋಗ್ಯವಾಗಿದ್ದೀರಾ?” ಅಂದರು.

“ಹೂಂ ಸ್ವಾಮಿ” ಅಂದೆ.

“ಕಾಲಿಂದೇನೂ ತೊಂದರೆ ಇಲ್ಲ ತಾನೆ?”

“ಇಲ್ಲ ಸ್ವಾಮಿ, ತೊಂದರೆ ಹೋಗಿ ಏಳು ವರ್ಷ ಆಯ್ತು.”

ಕೊಡೆಯನ್ನು ಆ ಕೈಯಿಂದ ಈ ಕೈಗೆ ಬದಲಾಯಿಸಿ, “ಅಂದ್ರೆ ಒಟ್ಟಿನ ಮೇಲೆ ಚೆನ್ನಾಗಿದ್ದೀರಿ” ಅಂದರು. ನಮ್ಮ ಯಜಮಾನರು ಪಕ್ಕದಿಂದ, “ಚೆನ್ನಾಗಿರೋದೇನು ಸ್ವಾಮಿ, ಕೂತಲ್ಲಿಂದ್ಲೇ ಬೀದಿ ಆಳ್ತಾಳೆ” ಅಂದರು. ಅದಕ್ಕೆ ನಿಮ್ಮ ತಮ್ಮನವರು ನಕ್ಕರು, ಆಗಲೂ ಗಿಡದ ಕಡೆಗೇ.

ಎಳನೀರು ಕುಡಿದರು. ನಮ್ಮ ಬಾವಿಯಲ್ಲಿ ನೀರು ಎಷ್ಟಿದೆ, ನಲ್ಲಿ ಯಾವಾಗ ಬರುತ್ತದಂತೆ ಎಂದೆಲ್ಲ ಕೇಳಿದರು. ಹೊರಡುವಾಗ ಮನೆಯವರಿಗೆಂದು ಒಂದು ಮೊಳ ಮಲ್ಲಿಗೆ ಕೊಟ್ಟೆ. ಒಳ್ಳೆಯವರು. ಆದರೆ ನೋಡಲು ಬಂದವರು ನೋಡಲೇ ಇಲ್ಲ. ನೆರಿಗೆ ಸರಿಸಿ ತೋರಿಸೋಣವೆಂದರೆ ತಲೆ ಎತ್ತಿದರೆ ತಾನೆ? ನಿಮ್ಮ ಮನೆಯಲ್ಲಿ ಗಂಡಸರೆಲ್ಲ ಹೀಗೆಯೇ, ಅಥವಾ ನೀವೇ ಹೇಳಿ ಕಳಿಸಿದ್ದಿರಾ?

ಅತ್ತೆಯವರು ಹೇಳಿದ್ದನ್ನು ಮುಂದೆ ಯಾವಾಗಲಾದರೂ ಬರೆಯುತ್ತೇನೆ. ನರದ ಮಾತು ನನಗೆ ಅಷ್ಟು ಒಪ್ಪಿಗೆಯಾಗಲಿಲ್ಲ. ನರ ಅಲ್ಲಿದ್ದರೆ ತಾನೆ?

ಅಕ್ಕಯಮ್ಮ


ಬೊಂಬಾಯಿ
೫ ಮಾರ್ಚ್ ೧೯೬೩

ಅಕ್ಕಯಮ್ಮನವರೆ,

ತಮ್ಮನ ಕಾಗದವೂ ನಿಮ್ಮದೂ ಒಂದೇ ದಿನ ಬಂದವು. ನೀವು ಗಟ್ಟಿಮುಟ್ಟಾಗಿದ್ದೀರಿ, ದನಿ ಜೋರಾಗಿದೆ, ಕಾಲಿನ ತೊಂದರೆ ಏಳು ವರ್ಷದ ಹಿಂದೆಯೇ ಹೋಯಿತೆಂದು ನೀವೇ ಹೇಳಿದಿರಿ ಎಂದು ಅವನು ಬರೆದಿದ್ದಾನೆ. ಇನ್ನು ನಿಮ್ಮಿಂದ ಏನನ್ನೂ ಮುಚ್ಚಿಡಬೇಕಾಗಿಲ್ಲ.

೫೬ರಲ್ಲಿ ಮೊಣಕಾಲಿನ ಕೆಳಗೆ ಕಾಲು ತೆಗೆಯಬೇಕೆಂದು ಅಲ್ಲಿಯ ಸರ್ಜನ್ ಹೇಳಿದರು. ನೀವು ಒಪ್ಪದೆ ಮನೆಗೆ ಹೋದಿರಿ. ನಿಮ್ಮ ಕಾಗದಪತ್ರ ಅಲ್ಲಿಗೆ ಮುಗಿಯುತ್ತದೆ. ನನ್ನ ಲೆಕ್ಕದ ಪ್ರಕಾರ ನೀವು ಎರಡು ವರ್ಷವೂ ಬದುಕುವಂತಿರಲಿಲ್ಲ. ಕಾಲು ಉಳಿಸಿಕೊಂಡು ಏಳು ವರ್ಷ ಬದುಕಿದ್ದೀರಿ. ಇದಕ್ಕೆ ಎರಡೇ ಅರ್ಥ. ನಾನು ಅಂದು ನೋಡಿದ್ದು ತಪ್ಪು, ಅಥವಾ ಪಾದದ ಗಡ್ಡೆಯ ಸ್ವಭಾವ ಮಂಡಿಯ ಗಡ್ಡೆಯ ಸ್ವಭಾವದಂತಲ್ಲ. ಯಾವುದಾದರೂ ಈ ಹುಡುಗಿಯ ಕಾಲು ಉಳಿಯುತ್ತದೆ.

ನಮ್ಮ ಸರ್ಜನ್ ಜನವರಿಯಲ್ಲೇ ಕಾಲು ತೆಗೆಯಲು ಸಿದ್ಧರಿದ್ದರು. ಇದೇ ಬಗೆಯ ಗಡ್ಡೆಯಿದ್ದ ಒಬ್ಬರು ಬೆಂಗಳೂರಿನಲ್ಲಿ ಕಾಲಿಟ್ಟು ನಡೆಯುತ್ತಿದ್ದಾರೆ, ತಡೆಯಿರಿ ಎಂದವಳು ನಾನು. ಐದು ವಾರದಿಂದ ನನ್ನ ಮಾತಿಗೆ ಕಾದಿದ್ದಾರೆ, ಮನಸ್ಸಿಲ್ಲದೆ. ಹುಡುಗಿ ಹೊಸ ಕ್ಯಾನ್ವಾಸ್ ಶೂ ಮಂಚದ ಕೆಳಗೆ ಇಟ್ಟುಕೊಂಡಿದ್ದಾಳೆ. “ಅಂಗಡಿಯಲ್ಲಿ ಒಂದೇ ಶೂ ಕೊಡ್ತಾರಾ?” ಎಂದು ಬಂದ ದಿನ ನನ್ನನ್ನು ಕೇಳಿದ್ದಳು. ಈಚೆಗೆ ಹಾಗೆ ಕೇಳುವುದನ್ನು ಬಿಟ್ಟಿದ್ದಾಳೆ.

ಮುಂದಿನ ವಾರ ಎಲ್ಲ ಡಾಕ್ಟರುಗಳು ಸೇರುವ ಸಭೆಯಲ್ಲಿ ನಿಮ್ಮ ವಿಷಯ ಹೇಳುತ್ತೇನೆ. ಆಸೆಪಟ್ಟ ಉತ್ತರ ಸಿಕ್ಕಿದಾಗ ಅದನ್ನು ಇನ್ನೊಮ್ಮೆ ಪರೀಕ್ಷಿಸಬೇಕೆಂದು ನಮ್ಮ ಗುರುಗಳು ಹೇಳುತ್ತಿದ್ದರು. ಪರೀಕ್ಷಿಸಿದ್ದೇನೆ ಎಂದುಕೊಂಡಿದ್ದೇನೆ. ನಿಮ್ಮ ಋಣ ದೊಡ್ಡದು.

ಚೂಡಾಮಣಿ


ತಂತಿ
ಬೆಂಗಳೂರು, ೯ ಮಾರ್ಚ್ ೧೯೬೩

ನನಗೆ ಆ ಕಾಲಿಲ್ಲ. ಐವತ್ತಾರರಲ್ಲೇ ತೆಗೆಸಿದೆ. ಮಗುವನ್ನು ಕಾಯಿಸಬೇಡಿ. ಕಾಗದ ಬರುತ್ತಿದೆ. ಅಕ್ಕಯಮ್ಮ.


ಸಿದ್ದಾಪುರ
೯ ಮಾರ್ಚ್ ೧೯೬೩

ಡಾಕ್ಟರಮ್ಮನವರೆ,

ತಂತಿ ತಲುಪಿರಬೇಕು. ಯಜಮಾನರು ಹೂವಿನ ಬುಟ್ಟಿ ಇಳಿಸಿ ಅದೇ ಸೈಕಲ್ಲಿನಲ್ಲಿ ತಂತಿ ಆಫೀಸಿಗೆ ಹೋದರು. ನಿಮ್ಮ ಕಾಗದ ಓದುವಾಗ ‘ಕಾಲು ಉಳಿಸಿಕೊಂಡು’ ಎನ್ನುವ ಕಡೆ ನಿಂತೆ. ಇದು ಇನ್ನಾರಿಗೋ ಬರೆದ ಕಾಗದ, ತಪ್ಪಿ ನನಗೆ ಬಂದಿದೆ ಎಂದುಕೊಂಡೆ.

ನಿಮ್ಮ ಆಸ್ಪತ್ರೆಯಿಂದ ಹೊರಟದ್ದು ನಿಜ. ಅತ್ತೆ ಬಂದು ಮಂಚದ ಪಕ್ಕ ಕೂತು, ಕಾಲಿಲ್ಲದ ಸೊಸೆಯನ್ನು ಮನೆ ತುಂಬಿಸಿಕೊಳ್ಳುವುದು ಹೇಗೆ ಎಂದು ಅತ್ತರು. ನಾನೂ ಅತ್ತುಕೊಂಡು ಹೊರಟು ಬಂದುಬಿಟ್ಟೆ. ಆಮೇಲೆ ಎರಡು ತಿಂಗಳಿಗೆ ಕಾಲು ಕುಂಬಳಕಾಯಿಯಾಯಿತು. ಆಗ ಅದೇ ಅತ್ತೆ ಗಾಡಿ ಕಟ್ಟಿಸಿ ನನ್ನನ್ನು ಬೇರೊಂದು ಮಿಷನ್ ಆಸ್ಪತ್ರೆಗೆ ಕರೆದುಕೊಂಡು ಹೋದರು. ಅಲ್ಲಿಯ ಡಾಕ್ಟರು ನೀವು ಬರೆದ ಚೀಟಿಯನ್ನು ಓದಿ, ಇನ್ನೊಂದು ದಿನವೂ ಕಾಯುವುದು ಬೇಡ ಎಂದರು. ನಿಮ್ಮ ಚೀಟಿಯಿಂದ ಉಳಿದೆ ಎಂದು ಬರೆದದ್ದು ಇದನ್ನೇ. ಹಾಸ್ಯವಲ್ಲ.

ಕಾಲು ತೆಗೆದದ್ದು ನಿಮಗೆ ಗೊತ್ತಿದೆ ಎಂದೇ ನಾನು ತಿಳಿದಿದ್ದೆ. ತೆಗೆಯಿರಿ ಎಂದವರಿಗೆ ತೆಗೆದದ್ದು ಗೊತ್ತಿರುವುದಿಲ್ಲವೆ? ಒಬ್ಬ ಡಾಕ್ಟರು ಮಾಡಿದ್ದು ಇನ್ನೊಬ್ಬ ಡಾಕ್ಟರಿಗೆ ತಿಳಿಯುತ್ತದೆ ಎಂದುಕೊಂಡಿದ್ದೆವು. ಕಾರ್ಡಿನಲ್ಲಿ ಕ್ಷೇಮವೇ ಎಂದು ಕೇಳಿದ್ದಿರಿ. ಕ್ಷೇಮ ಎಂದು ಬರೆದೆ. ದೂರದವರು ಕ್ಷೇಮವೇ ಎಂದರೆ ಬೇರೆ ಏನು ಬರೆಯುವುದು? ಒಲೆ ಹತ್ತದ ದಿನವೂ ನಮ್ಮ ತಾಯಿಗೆ ಹಾಗೆಯೇ ಬರೆದಿದ್ದೇನೆ.

ತುರಿಸುವ ಹಿಮ್ಮಡಿ ನನ್ನ ಮೈಯಲ್ಲಿಲ್ಲ. ಅದಕ್ಕೇ ನಿಮ್ಮನ್ನು ಕೇಳಿದ್ದು. ಇರುವ ಹಿಮ್ಮಡಿ ತುರಿಸಿದರೆ ಬೊಂಬಾಯಿಗೆ ಬರೆದು ಕೇಳಬೇಕೆ?

ಊರುಗೋಲು ಬಾಗಿಲ ಹಿಂದೆಯೇ ಇತ್ತು. ನಿಮ್ಮ ತಮ್ಮನವರು ಅದನ್ನಾದರೂ ನೋಡಬಹುದಿತ್ತು.

ಮಗುವಿಗೆ ನಾನು ಹೆದರಬೇಡ ಎಂದದ್ದು ಕತ್ತಿಗೆ ಹೆದರಬೇಡ ಎಂದು. ಅದನ್ನು ಅವಳಿಗೆ ಸರಿಯಾಗಿ ಹೇಳಿ. ಕಾಲಿಲ್ಲದೆ ಬದುಕಿದ್ದೇನೆ ಎಂದು ಹೇಳಿ. ತಡಮಾಡಬೇಡಿ.

ಅಕ್ಕಯಮ್ಮ


ಬೊಂಬಾಯಿ
೨೦ ಮಾರ್ಚ್ ೧೯೬೩

ಅಕ್ಕಯಮ್ಮನವರೆ,

ತಂತಿ ಬಂದ ಸಂಜೆಯೇ ಸರ್ಜನ್ ಮನೆಗೆ ಹೋಗಿ ಅದನ್ನು ಕೊಟ್ಟೆ. ಅವರು ಓದಿ ಮಡಿಸಿ ವಾಪಸು ಕೊಟ್ಟರು. ಬೈದಿದ್ದರೆ ಚೆನ್ನಾಗಿತ್ತು. ಹನ್ನೆರಡನೆಯ ತಾರೀಕು ಕಾಲು ತೆಗೆದರು. ಎದೆಯ ಎಕ್ಸ್‌ರೇ ಸ್ವಚ್ಛವಾಗಿದೆ. ಈಗ ಸ್ವಚ್ಛವಾಗಿದೆ ಎಂದರೆ ಮುಂದೆಯೂ ಹಾಗೆ ಎಂದಲ್ಲ. ನಾನು ಕಾಯಿಸಿದ ಐದು ವಾರದಲ್ಲಿ ಏನಾದರೂ ಶ್ವಾಸಕೋಶಕ್ಕೆ ಹೊರಟು ಹೋಗಿದ್ದರೆ ಅದು ಕಣ್ಣಿಗೆ ಕಾಣಲು ವರ್ಷವೇ ಬೇಕು.

ನೀವು ಏನನ್ನೂ ಮುಚ್ಚಿಟ್ಟಿರಲಿಲ್ಲ. ಎಲ್ಲ ಕಾಗದಗಳನ್ನೂ ಮತ್ತೆ ಓದಿದೆ. ನರ ಅಲ್ಲಿದ್ದರೆ ತಾನೆ ಎಂದು ಬರೆದಿದ್ದೀರಿ. ಅದನ್ನು ನಾನು ನಿಮ್ಮ ಹಾಸ್ಯವೆಂದುಕೊಂಡೆ. ‘ಹೆಂಗಸರ ಕಾಲು ನೋಡುವುದು ನನ್ನಿಂದಾಗುವ ಕೆಲಸವಲ್ಲ ಅಕ್ಕ’ ಎಂದು ತಮ್ಮನೂ ಕೊನೆಯಲ್ಲಿ ಬರೆದಿದ್ದ. ಓದಿ ನಕ್ಕು ಪಕ್ಕಕ್ಕಿಟ್ಟೆ. ಉತ್ತರವನ್ನು ನಿಮ್ಮ ಬಾಯಿಗೆ ತುರುಕಬಾರದೆಂದು ಅಷ್ಟು ಎಚ್ಚರವಹಿಸಿದವಳು ನನ್ನ ಕಿವಿಗೆ ನಾನೇ ತುರುಕಿಕೊಂಡೆ. ಹುಡುಗಿಯ ಕಾಲು ಉಳಿಯಲೆಂದು ಹಾಗೆ ಮಾಡಿದೆನೋ, ನನ್ನ ಪ್ರಶ್ನೆಗೆ ಹೊಸ ಉತ್ತರ ಸಿಗಲೆಂದು ಮಾಡಿದೆನೋ, ಪ್ರಾಮಾಣಿಕವಾಗಿ ಹೇಳಲಾರೆ.

ಇನ್ನೊಂದು ವಿಷಯ. ಇಷ್ಟು ವರ್ಷ ಬಂದ ಬೇರೆ ಕಾರ್ಡುಗಳನ್ನೆಲ್ಲ ತೆಗೆದು ನೋಡಿದೆ. ಎಲ್ಲದರಲ್ಲೂ ಕ್ಷೇಮ. ನಾನು ಅದನ್ನು ‘ರೋಗವಿಲ್ಲ’ ಎಂದು ಬರೆದುಕೊಳ್ಳುತ್ತ ಬಂದಿದ್ದೆ. ನಮ್ಮ ತಾಯಿ ನನಗೆ ಬರೆಯುವ ಕಾಗದವೂ ಹಾಗೆಯೇ ಶುರುವಾಗುತ್ತದೆ, ಅವರಿಗೆ ಜ್ವರವಿದ್ದಾಗಲೂ. ಆದರೂ ಹೊಳೆಯಲಿಲ್ಲ. ಈಗ ಎಲ್ಲರಿಗೂ ಬೇರೆ ಬೇರೆ ಪ್ರಶ್ನೆ ಹಾಕಿ ಹೊಸದಾಗಿ ಬರೆದಿದ್ದೇನೆ. ಮದ್ದೂರಿನ ಕಡೆಯ ಗುರುಶಾಂತಪ್ಪ ಎಂಬುವವರ ಮನೆಯಿಂದ ಮೊದಲ ಉತ್ತರ ಬಂದಿದೆ. ಅವರು ತೀರಿಕೊಂಡು ಮೂರು ವರ್ಷವಾಯಿತಂತೆ. ಕಾರ್ಡಿಗೆ ಉತ್ತರ ಬರೆಯುತ್ತಿದ್ದದ್ದು ಅವರ ಹೆಂಡತಿ. ‘ನಾವು ಉಳಿದವರು ಕ್ಷೇಮ, ಅದಕ್ಕೆ ಹಾಗೆ ಬರೆದೆ’ ಎಂದಿದ್ದಾರೆ.

ಹುಡುಗಿಗೆ ನಿಮ್ಮ ಮಾತನ್ನು ಸರಿಯಾಗಿ ಹೇಳಿದೆ. ಅವಳ ಹೆಸರು ವಾರಿಜಾ. ನಿಯಮ ಹಾಗೇ ಇದೆ, ಆದರೆ ನಿಮಗೆ ಹೇಳದಿರುವುದು ನನಗೆ ಸರಿಯೆನಿಸಲಿಲ್ಲ.

ಚೂಡಾಮಣಿ


ಸಿದ್ದಾಪುರ
೨೮ ಏಪ್ರಿಲ್ ೧೯೬೩

ಡಾಕ್ಟರಮ್ಮನವರಿಗೆ ನಮಸ್ಕಾರ.

ವಾರಿಜಾಳ ಹೆಸರಿನಲ್ಲಿ ಬನಶಂಕರಮ್ಮನಿಗೆ ನಿಂಬೆಹಣ್ಣಿನ ದೀಪ ಹಚ್ಚಿಸಿದೆ. ಯಜಮಾನರು ಹೋಗಿ ಹಚ್ಚಿ ಬಂದರು. ನಿಮ್ಮ ಹೆಸರನ್ನೂ ಸೇರಿಸಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ.

ಅತ್ತೆ ಹೇಳಿದ ಕಾರಣವನ್ನು ಈಗ ಬರೆಯುತ್ತೇನೆ. ತೆಗೆದ ಕಾಲನ್ನು ಅವರು ಆಸ್ಪತ್ರೆಯಲ್ಲಿ ಬಿಡಲಿಲ್ಲ. ಬಿಳಿ ಬಟ್ಟೆಯಲ್ಲಿ ಸುತ್ತಿಸಿ ತಂದು ನಮ್ಮ ಹೊಲದ ಮೂಲೆಯಲ್ಲಿ ಹೊಂಗೆ ಮರದ ಕೆಳಗೆ ಮಣ್ಣು ಮಾಡಿಸಿದರು. ಸ್ವಲ್ಪ ದಿನಕ್ಕೆ ನನಗೆ ಬೆರಳುಗಳು ಒಂದರ ಮೇಲೊಂದು ಹತ್ತಿಕೊಂಡು ಸೆಳೆಯುವುದಕ್ಕೆ ಶುರುವಾಯಿತು. ಇಲ್ಲದ ಬೆರಳುಗಳು. ಅಯ್ಯೋ ಎಂದು ಕೂಗುವಷ್ಟು. ಎಲ್ಲರೂ ನನಗೆ ತಲೆ ಕೆಟ್ಟಿತೆಂದುಕೊಂಡರು. ಅತ್ತೆ ಮಾತ್ರ, “ಬಿಗಿಯಾಗಿ ಸುತ್ತಿಬಿಟ್ವಿ ಕಣೋ ಬೈರಣ್ಣ, ಪಾಪ, ಮುದುರಿಕೊಂಡೈತೆ” ಎಂದು ನಮ್ಮ ಮೈದುನನನ್ನು ಕರೆದುಕೊಂಡು ಹೋಗಿ, ಅಗೆಸಿ, ಬಟ್ಟೆ ಸಡಿಲ ಮಾಡಿ, ಬೆರಳುಗಳನ್ನು ತಾವೇ ಕೈಯಿಂದ ನೇರ ಮಾಡಿ ಮಲಗಿಸಿ ಬಂದರು. ಆ ವಾರವೇ ಸೆಳೆತ ನಿಂತಿತು. ತುರಿಕೆ ಉಳಿಯಿತು. ಅದು ಮಳೆನೀರು ಇಳಿಯುವುದರಿಂದ ಎಂದರು. ನಂಬುವುದೂ ಬಿಡುವುದೂ ನಿಮಗೆ ಬಿಟ್ಟದ್ದು. ನನಗೂ ಪೂರ್ತಿ ನಂಬಿಕೆಯಿಲ್ಲ, ಆದರೆ ಸೆಳೆತ ನಿಂತದ್ದು ನಿಜ.

ಆ ಮೂಲೆಯಲ್ಲಿ ಈಗ ಒಬ್ಬರು ಮನೆ ಕಟ್ಟಿದ್ದಾರೆ. ಹೊಂಗೆ ಮರ ಇದ್ದ ಕಡೆ ಗೇಟು. ನಮ್ಮ ಮನೆಯವರೆಲ್ಲರಿಗಿಂತ ಮೊದಲು ಜಯನಗರ ಸೇರಿದ್ದು ನನ್ನ ಕಾಲು.

ನನ್ನ ಪ್ರಶ್ನೆ ಇದು. ವಾರಿಜಾಳ ಕಾಲನ್ನು ನೀವು ಎಲ್ಲಿ ಇಟ್ಟಿರಿ? ಬೆರಳು ನೇರವಾಗಿವೆಯೆ?

ಅಕ್ಕಯಮ್ಮ


ಬೊಂಬಾಯಿ
೧೫ ಡಿಸೆಂಬರ್ ೧೯೬೪

ಅಕ್ಕಯಮ್ಮನವರೆ,

ಇಷ್ಟು ದಿನ ಬರೆಯದಿದ್ದದ್ದಕ್ಕೆ ಕ್ಷಮಿಸಿ. ಕೆಲಸ ಹೆಚ್ಚಾಗಿತ್ತು. ಇಲ್ಲಿ ಎಲ್ಲರೂ ಕ್ಷೇಮ. ವಾರಿಜಾಳೂ ಕ್ಷೇಮ, ಶಾಲೆಗೆ ಹೋಗುತ್ತಿದ್ದಾಳೆ. ನೀವೆಲ್ಲ ಕ್ಷೇಮವೆಂದು ನಂಬಿದ್ದೇನೆ.

ಚೂಡಾಮಣಿ


ಸಿದ್ದಾಪುರ
೨೧ ಡಿಸೆಂಬರ್ ೧೯೬೪

ಡಾಕ್ಟರಮ್ಮನವರಿಗೆ,

ಕ್ಷೇಮ ಎನ್ನುವ ಮೊದಲನೆಯ ಸಾಲು ಓದಿದೆ. ಎರಡನೆಯದು ಎಲ್ಲಿ?

ಅಕ್ಕಯಮ್ಮ


ಬೊಂಬಾಯಿ
೨ ಜನವರಿ ೧೯೬೫

ಅಕ್ಕಯಮ್ಮನವರೆ,

ಎರಡನೆಯ ಸಾಲು ಇದು. ನವೆಂಬರಿನ ಎಕ್ಸ್‌ರೇಯಲ್ಲಿ ವಾರಿಜಾಳ ಎಡ ಶ್ವಾಸಕೋಶದ ಮೇಲ್ತುದಿಯಲ್ಲಿ ಒಂದು ಚುಕ್ಕೆ ಇದೆ. ಕಡಲೆಕಾಳಿನಷ್ಟು. ಗಡ್ಡೆ ಹರಡಿದ್ದಿರಬಹುದು, ಹಳೆಯ ಕ್ಷಯದ ಕಲೆಯೂ ಇರಬಹುದು. ಅವರ ಮನೆಯಲ್ಲಿ ಅಜ್ಜನಿಗೆ ಕ್ಷಯವಿತ್ತಂತೆ. ಮೊದಲ ಎಕ್ಸ್‌ರೇ ತೆಗೆದು ಮತ್ತೆ ನೋಡಿದೆವು. ಅದರಲ್ಲಿ ಆ ಜಾಗದ ಮೇಲೆ ಪಕ್ಕೆಲುಬಿನ ನೆರಳು ಬಿದ್ದಿದೆ, ಇತ್ತೋ ಇಲ್ಲವೋ ಹೇಳಲಾಗುವುದಿಲ್ಲ. ಬೆಳೆಯುತ್ತದೆಯೇ ಎಂದು ಕಾದು ನೋಡುವುದೊಂದೇ ಉಳಿದಿರುವ ದಾರಿ. ಕಾಯುವುದು ಎಂದು ಬರೆಯಲು ನನಗೆ ಕೈ ಬರುವುದಿಲ್ಲ.

ನನ್ನ ಐದು ವಾರದ ವಿಷಯ ಅವಳಿಗೆ ಹೇಳಿದೆ. ಕಾಲು ಉಳಿಸಲು ನೋಡಿದ್ದಲ್ಲವೇ ಎಂದಳು. ಅವಳು ಬೈಯುತ್ತಾಳೆಂದು ಸಿದ್ಧವಾಗಿ ಹೋಗಿದ್ದೆ. ವಾಪಸು ಬರುವಾಗ ಆ ಸಿದ್ಧತೆಯನ್ನು ಎಲ್ಲಿಡುವುದೆಂದು ತಿಳಿಯಲಿಲ್ಲ.

ನಿಮ್ಮ ಹಳೆಯ ಪ್ರಶ್ನೆಗೂ ಉತ್ತರ ಕೊಡದೆ ಉಳಿಸಿಕೊಂಡಿದ್ದೆ. ವಾರಿಜಾಳ ಕಾಲು ನನ್ನ ಪ್ರಯೋಗಶಾಲೆಯ ಕಪಾಟಿನಲ್ಲಿದೆ. ಅಪರೂಪದ್ದೆಂದು ಅವಳ ತಂದೆಯ ಒಪ್ಪಿಗೆ ಪಡೆದು ವಿದ್ಯಾರ್ಥಿಗಳಿಗೆ ತೋರಿಸಲು ಔಷಧದ ನೀರಿನಲ್ಲಿ ಇಟ್ಟಿದ್ದೇವೆ. ನಿಮ್ಮ ಕಾಗದ ಬಂದ ದಿನ ಎದ್ದು ಹೋಗಿ ನೋಡಿದೆ. ಜಾಡಿ ಗಿಡ್ಡದ್ದು. ಬೆರಳುಗಳು ಮಡಿಸಿಕೊಂಡಿವೆ.

ಅವಳಿಗೂ ಬೆರಳು ಸೆಳೆಯುತ್ತದಂತೆ. ನಿಮ್ಮ ಅತ್ತೆಯವರ ಮಾತನ್ನು ಅವಳಿಗೆ ಹೇಳಿಲ್ಲ.

ಚೂಡಾಮಣಿ


ಸಿದ್ದಾಪುರ
೧೦ ಜನವರಿ ೧೯೬೫

ಡಾಕ್ಟರಮ್ಮನವರೆ,

ಬರೆದದ್ದು ಒಳ್ಳೆಯದಾಯಿತು. ಇನ್ನು ಮೇಲೆ ನಮ್ಮಿಬ್ಬರ ಕಾಗದದಲ್ಲಿ ಮೊದಲನೆಯ ಸಾಲು ಬೇಡ, ನೇರವಾಗಿ ಎರಡನೆಯದರಿಂದ ಶುರುಮಾಡೋಣ. ನನ್ನದು: ಬಲಗೈ ಹೆಬ್ಬೆರಳಿನಲ್ಲಿ ಹೂ ಕಟ್ಟಿ ಕಟ್ಟಿ ನೋವು. ಯಜಮಾನರ ಸೈಕಲ್ಲು ಹೋದ ತಿಂಗಳು ಚರಂಡಿಗೆ ಬಿತ್ತು, ಅವರೂ ಜೊತೆಗೆ. ನಿಮ್ಮ ತಮ್ಮನವರು ಈಗ ದಿನಾ ನಮ್ಮಲ್ಲೇ ಹೂವು ಹಾಕಿಸಿಕೊಳ್ಳುತ್ತಾರೆ. ಎದುರಿಗೆ ಸಿಕ್ಕಾಗ ಊರುಗೋಲನ್ನು ನೋಡಿ ನಮಸ್ಕಾರ ಮಾಡುತ್ತಾರೆ.

ದೊಡ್ಡ ಜಾಡಿ ಸಿಗುವುದಿಲ್ಲವೆ ಬೊಂಬಾಯಿಯಲ್ಲಿ?

ಅಕ್ಕಯಮ್ಮ


ಬೊಂಬಾಯಿ
೭ ಆಗಸ್ಟ್ ೧೯೬೬

ಅಕ್ಕಯಮ್ಮನವರೆ,

ಎರಡನೆಯ ಸಾಲಿನಿಂದಲೇ ಶುರುಮಾಡುತ್ತೇನೆ. ಚುಕ್ಕೆ ಬೆಳೆದಿಲ್ಲ. ಇಪ್ಪತ್ತು ತಿಂಗಳಿಂದ ಅಷ್ಟೇ ಇದೆ, ಅಂಚಿಗೆ ಸುಣ್ಣ ಕಟ್ಟಿದೆ. ಹಳೆಯ ಕ್ಷಯದ ಕಲೆ ಎಂದು ಸರ್ಜನ್ ಮೊನ್ನೆ ಬರೆದುಕೊಟ್ಟರು. ಬರೆದು, ನನ್ನ ಕಡೆ ಕಾಗದ ತಳ್ಳಿ, “ಇದನ್ನು ಬೆಂಗಳೂರಿಗೂ ತಿಳಿಸಿ” ಎಂದರು. ಮೂರೂವರೆ ವರ್ಷದಲ್ಲಿ ಅವರು ನಿಮ್ಮನ್ನು ನೆನೆದದ್ದು ಇದೇ ಮೊದಲು. ನನ್ನ ಐದು ವಾರದಿಂದ ಕೆಡುಕಾಗಲಿಲ್ಲ ಎಂದು ಇದರ ಅರ್ಥವಲ್ಲ. ಕೆಡುಕು ಈವರೆಗೆ ಕಂಡಿಲ್ಲ ಎಂದಷ್ಟೇ. ಅವಳನ್ನು ಇನ್ನೂ ನೋಡುತ್ತಿರಬೇಕು. ನೀವು ಹತ್ತು ವರ್ಷ ದಾಟಿದ್ದೀರೆಂದು ಅವಳಿಗೆ ಗೊತ್ತು.

ಜಾಡಿಯ ವಿಷಯ. ಬೇಕಾದ ಅಳತೆಯದು ಗಾಜಿನ ಕಾರ್ಖಾನೆಯಿಂದ ಬರಲು ಒಂದು ವರ್ಷ ಹಿಡಿಯಿತು. ಏಕೆ ಬೇಕೆಂದು ಕಚೇರಿಯವರು ಕೇಳಿದರು, ವಿದ್ಯಾರ್ಥಿಗಳಿಗೆ ಚೆನ್ನಾಗಿ ಕಾಣಲಿ ಎಂದೆ. ಹೋದ ವಾರ ಬಾಗಿಲು ಹಾಕಿಕೊಂಡು ಕಾಲನ್ನು ಅದಕ್ಕೆ ಬದಲಾಯಿಸಿದೆ. ಔಷಧದಲ್ಲಿ ಗಟ್ಟಿಯಾದ ಬೆರಳು ನಿಮ್ಮ ಅತ್ತೆಯವರು ಮಾಡಿದಂತೆ ನೇರವಾಗುವುದಿಲ್ಲ. ಒಂದೊಂದಾಗಿ, ಮುರಿಯದ ಹಾಗೆ, ಆದಷ್ಟು ಬಿಡಿಸಿದೆ. ಕಿರುಬೆರಳು ಮಾತ್ರ ಒಪ್ಪಲಿಲ್ಲ. ಇದರಿಂದ ಏನೂ ಆಗುವುದಿಲ್ಲವೆಂದು ನನಗೆ ಗೊತ್ತು. ಗೊತ್ತಿದ್ದೂ ಏಕೆ ಮಾಡಿದೆ ಎಂದು ಕೇಳಿಕೊಂಡರೆ ಉತ್ತರ ಬರೆಯಲು ನನ್ನ ಕನ್ನಡ ಸಾಲದು, ಇಂಗ್ಲಿಷೂ ಸಾಲದು.

ಮಂಗಳವಾರ ವಾರಿಜಾ ಬಂದಿದ್ದಳು. ಈಗ ಟೈಪಿಂಗ್ ಕಲಿಯುತ್ತಿದ್ದಾಳೆ. ಬೆಳಗಿನಿಂದ ಮಳೆ ಹೊಯ್ಯುತ್ತಿತ್ತು. ಜಾಡಿಯ ಮಾತು ತೆಗೆಯಲಿಲ್ಲ. ಬೆರಳು ಸೆಳೆಯುತ್ತದೆಯೇ, ತುರಿಸುತ್ತದೆಯೇ ಎಂದೂ ಕೇಳಲಿಲ್ಲ. ಉತ್ತರವನ್ನು ಬಾಯಿಗೆ ತುರುಕಬಾರದಲ್ಲ. ಆ ಕಾಲು ಹೇಗಿದೆ, ನಿನ್ನ ಮಾತಿನಲ್ಲೇ ಹೇಳು ಎಂದೆ, ಅಷ್ಟೆ.

ಅವಳು ಕಿಟಕಿಯ ಹೊರಗೆ ಮಳೆ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, “ನೀವು ಕೇಳುವವರೆಗೆ ಅದರ ನೆನಪೇ ಇರ್ಲಿಲ್ಲ ಡಾಕ್ಟರ್” ಎಂದಳು. “ಈಗ ತುರಿಸ್ತದೆ.”

ಚೂಡಾಮಣಿ